ನಕ್ಷತ್ರಮೀನಿಗೆ ಸೂಜಿ ಚುಚ್ಚೋದು ಪಾಪ ಅಲ್ವಾ?

ರಜೆ ಸಿಕ್ಕಾಗಲೆಲ್ಲ ನಾನು ಒಂದು ಡೈವಿಂಗ್ ತಂಡದ ಜೊತೆ ಸಮುದ್ರಕ್ಕೆ ಇಳಿಯುತ್ತೇನೆ. ಸಂಬಳ ಇಲ್ಲ. ಹವಳ ತಿನ್ನುವ ನಕ್ಷತ್ರಮೀನನ್ನು ಹುಡುಕಿ, ಸೂಜಿ ಚುಚ್ಚಿ ಸಾಯಿಸುವುದು ಕೆಲಸ. (ಹವಳ ಅಂದರೆ ಬರೀ ಕಲ್ಲಲ್ಲ, ಸುಣ್ಣದ ಗೂಡು ಕಟ್ಟಿ ಒಟ್ಟಿಗೆ ಬದುಕುವ ಪುಟ್ಟ ಪ್ರಾಣಿಗಳು.) ಇಷ್ಟು ಹೇಳುವಷ್ಟರಲ್ಲಿ ಎದುರಿನವರ ಮುಖ ಸಪ್ಪಗಾಗುತ್ತದೆ. ಆಮೇಲೆ ಅದೇ ಪ್ರಶ್ನೆ: "ಪಾಪ, ಅದೂ ಒಂದು ಜೀವ ಅಲ್ವಾ? ಅದರ ಊಟ ಅದು ಮಾಡ್ಕೊಂಡಿದೆ. ಪ್ರಕೃತಿ ವಿಷಯದಲ್ಲಿ ನೀವ್ಯಾಕೆ ಕೈ ಹಾಕ್ತೀರಿ?"

ಸುಮ್ನೆ ನಕ್ಕು ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ಮೊದಲ ಸಲ ಸಿರಿಂಜ್ ಹಿಡಿದಾಗ ನನ್ನ ಕೈಯೂ ನಡುಗಿತ್ತು.

ಇದು ಮಕ್ಕಳ ಚಿತ್ರಪುಸ್ತಕದ ಐದು ತೋಳಿನ ಮುದ್ದು ನಕ್ಷತ್ರ ಅಲ್ಲ. ಹೆಸರೇ ಮುಳ್ಳಿನ ಕಿರೀಟ. ಊಟದ ತಟ್ಟೆಯಷ್ಟು ಅಗಲ, ಇಪ್ಪತ್ತರವರೆಗೂ ತೋಳು, ಮೈತುಂಬ ವಿಷದ ಮುಳ್ಳು. ತಿನ್ನುವ ರೀತಿ ಇನ್ನೂ ವಿಚಿತ್ರ. ಹವಳದ ಮೇಲೆ ಹತ್ತಿ ಕೂತು ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಗೆ ಹಾಕಿ, ಒದ್ದೆ ಬಟ್ಟೆ ಹೊದಿಸಿದ ಹಾಗೆ ಹರಡುತ್ತದೆ. ಗಂಟೆಗಟ್ಟಲೆ ಅಲ್ಲೇ ಕೂತು ಹವಳದ ಮಾಂಸ ಕರಗಿಸಿ ಹೀರುತ್ತದೆ. ಆಮೇಲೆ ಹೊಟ್ಟೆ ಒಳಗೆಳೆದುಕೊಂಡು ಮುಂದಕ್ಕೆ ಹೊರಡುತ್ತದೆ. ಹಿಂದೆ ಉಳಿಯುವುದು ಸುಣ್ಣದ ಬಿಳಿ ಗೂಡು ಮಾತ್ರ. ನೀರಿನಲ್ಲಿ ನಮ್ಮ ಕಣ್ಣು ಹುಡುಕುವುದೂ ಆ ಬಿಳಿ ಮಚ್ಚೆಯನ್ನೇ. ಅದು ಕಂಡರೆ ಕಳ್ಳ ಪಕ್ಕದ ಯಾವುದೋ ಸಂದಿಯಲ್ಲೇ ಇರುತ್ತಾನೆ.

ದೊಡ್ಡದೊಂದು ನಕ್ಷತ್ರಮೀನು ವರ್ಷಕ್ಕೆ ಸುಮಾರು 10 ಚದರ ಮೀಟರ್ ಹವಳ ತಿಂದು ಮುಗಿಸಬಲ್ಲದು. ಹಾಗಂತ ಅದು ಹೊರಗಿನಿಂದ ಬಂದದ್ದಲ್ಲ, ಅದರದೂ ಅದೇ ಮನೆ. ಬೇಗ ಬೆಳೆಯುವ ಹವಳವೇ ಅದಕ್ಕೆ ಜಾಸ್ತಿ ಇಷ್ಟ. ಹಾಗಾಗಿ ಅಲ್ಲೊಂದು ಇಲ್ಲೊಂದು ಇದ್ದರೆ ನಿಧಾನವಾಗಿ ಬೆಳೆಯುವ ಹವಳಗಳಿಗೆ ಜಾಗ ಸಿಗುತ್ತದೆ, ಒಳ್ಳೆಯದೇ. ತೊಂದರೆ ಇರುವುದು ಅವುಗಳ ಸಂಖ್ಯೆಯಲ್ಲಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ದೊಡ್ಡ ಹವಳದ ದಿಬ್ಬಗಳ ಸಾಲಿನಲ್ಲಿ ಒಂದು ಹೆಕ್ಟೇರಿಗೆ ಸುಮಾರು 15 ದಾಟಿದರೆ ಹಾವಳಿ ಎಂದು ಲೆಕ್ಕ. ಅಷ್ಟಾದರೆ ಹವಳ ಬೆಳೆಯುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಅಲ್ಲಿ 1985ರಿಂದ 2012ರ ನಡುವೆ ಹವಳದ ಹೊದಿಕೆ, ಅಂದರೆ ಜೀವಂತ ಹವಳ ಹರಡಿರುವ ಜಾಗ, ಅರ್ಧಕ್ಕೆ ಇಳಿಯಿತು. ಆ ನಷ್ಟದಲ್ಲಿ ಚಂಡಮಾರುತಗಳ ಪಾಲು ಶೇ 48, ಈ ಪ್ರಾಣಿಯ ಪಾಲು ಶೇ 42.

ಇನ್ನು ಕೈ ಹಾಕುವ ಮಾತು. ನಾವು ಆಗಲೇ ಹಾಕಿಯಾಗಿದೆ. ಒಂದು ಹೆಣ್ಣು ಒಂದು ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಮರಿಗಳಲ್ಲಿ ಬಹುಪಾಲು ಊಟ ಸಿಗದೆಯೋ ಯಾರದೋ ಬಾಯಿಗೆ ಬಿದ್ದೋ ಸಾಯುತ್ತವೆ. ಆದರೆ ಹೊಲದ ಗೊಬ್ಬರ ಹೊಳೆಯಲ್ಲಿ ಹರಿದು ಕಡಲು ಸೇರಿದರೆ ಮರಿಗಳು ತಿನ್ನುವ ಸೂಕ್ಷ್ಮ ಪಾಚಿ ಹುಲುಸಾಗುತ್ತದೆ, ಬದುಕುವ ಮರಿಗಳೂ ಹೆಚ್ಚುತ್ತವೆ. ಹಾವಳಿಗೆ ಇದೊಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಇನ್ನೊಂದು ಕಡೆ, ಇದನ್ನು ಹಿಡಿದು ತಿನ್ನುವ ಟ್ರೈಟನ್ ಎಂಬ ದೊಡ್ಡ ಶಂಖದ ಹುಳವನ್ನು ಮನುಷ್ಯರು ಚಿಪ್ಪಿನ ಆಸೆಗೆ ಬಳಿದು ಹಾಕಿದರು. ಯಾರದೋ ಶೋಕೇಸಿನಲ್ಲಿ ಅದು ಈಗಲೂ ಮಿನುಗುತ್ತಿರಬಹುದು.

"ಕತ್ತರಿಸಿ ಬಿಸಾಕಿದರೆ ಸಾಲದಾ?" ಅಂತಲೂ ಕೇಳುತ್ತಾರೆ. ಬೇಡ. ತುಂಡಾದರೂ ಅದು ಬದುಕಿ ಮತ್ತೆ ಬೆಳೆಯಬಲ್ಲದು. ಹಿಂದೆಲ್ಲ ಒಂದೊಂದು ಪ್ರಾಣಿಗೂ ಹಲವು ಸಲ ರಾಸಾಯನಿಕ ಚುಚ್ಚಬೇಕಿತ್ತು. ಆಮೇಲೆ ಎತ್ತಿನ ಪಿತ್ತರಸದ ಲವಣ ಬಂತು, ಒಂದೇ ಚುಚ್ಚು ಸಾಕಾಯಿತು. 2015ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಅಡುಗೆಮನೆಯ ವಿನೆಗರ್ ಕೂಡ ಸಾಕು ಎಂದು ತೋರಿಸಿದರು. ಎರಡು ದಿನದೊಳಗೆ ಪ್ರಾಣಿ ಸಾಯುತ್ತದೆ. ನಮ್ಮಂಥ ಬರಿಗೈ ಸ್ವಯಂಸೇವಕರಿಗೆ ಇದಕ್ಕಿಂತ ಬೇಕಾ! ಆದರೆ ಗುಂಪು, ತರಬೇತಿ, ಅನುಮತಿ ಇಲ್ಲದೆ ಯಾರೂ ಇಳಿಯಬೇಡಿ. ನಮ್ಮ ತಂಡದ ಒಬ್ಬರಿಗೆ ಗ್ಲೌಸ್ ದಾಟಿ ಮುಳ್ಳು ಚುಚ್ಚಿತ್ತು. ದೋಣಿಯಲ್ಲಿ ಬಿಸಿನೀರಿಗೆ ಬೆರಳು ಅದ್ದಿ ಕೂತು, ದಡ ಮುಟ್ಟುವವರೆಗೂ ವಾಂತಿ ಮಾಡಿದರು.

ನನ್ನ ಅಳುಕು ಕಳೆದದ್ದು ಇಂಥ ಲೆಕ್ಕಾಚಾರದಿಂದ ಅಲ್ಲ, ಒಂದು ಏಡಿಯಿಂದ. ಕವಲು ಹವಳದ ಸಂದಿಯಲ್ಲಿ ಉಗುರಿನಷ್ಟು ಏಡಿ ವಾಸವಾಗಿರುತ್ತದೆ. ಒಮ್ಮೆ ಮುಳ್ಳಿನ ಕಿರೀಟ ಮೇಲೇರಲು ತೋಳು ಚಾಚಿತು. ಏಡಿ ಹೊರಗೆ ಬಂದು ಅದರ ಪುಟ್ಟ ಕೊಳವೆ ಕಾಲುಗಳನ್ನು ಒಂದೊಂದಾಗಿ ಚಿವುಟತೊಡಗಿತು. ತೋಳು ಹಿಂದೆ ಸರಿಯಿತು. ಮತ್ತೆ ಬಂತು. ಮತ್ತೆ ಚಿವುಟಿತು. ಕೊನೆಗೆ ಆ ದೈತ್ಯ ಬೇರೆ ಹವಳ ಹುಡುಕಿಕೊಂಡು ಹೋಯಿತು. ನಾನು ಸಿರಿಂಜ್ ಹಿಡಿದು ಅದರ ಹಿಂದೆ ಈಜಿದೆ.

ಈಗಲೂ ನೀರಿಗಿಳಿದ ಮೇಲೆ ನಮ್ಮ ಮೊದಲ ಕೆಲಸ ಚುಚ್ಚುವುದಲ್ಲ, ಎಣಿಸುವುದು. ಕಳೆದ ಸಲ ಇಡೀ ಬೆಳಿಗ್ಗೆ ಹುಡುಕಿದರೂ ಸಿಕ್ಕಿದ್ದು ಎರಡೇ. ಎರಡನ್ನೂ ಅವುಗಳ ಪಾಡಿಗೆ ಬಿಟ್ಟು ಬಂದೆವು.