ಅವರೆಕಾಯಿ ಕಾಲದಲ್ಲಿ ಅಮೃತಸರ

“ಡಿಸೆಂಬರ್‌ನಲ್ಲಾ? ಅವರೆಕಾಯಿ ಕಾಲದಲ್ಲಿ ಯಾರಾದ್ರೂ ಊರು ಬಿಟ್ಟು ಹೋಗ್ತಾರೇನಮ್ಮ?”

ನಾರ್ತ್ ಇಂಡಿಯಾ ಟೂರ್ ಹೋಗೋಣ ಅಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಚಳಿ ಎಷ್ಟಿರುತ್ತೆ ಅಂತ ಕೇಳಲಿಲ್ಲ, ಖರ್ಚೆಷ್ಟು ಅಂತಲೂ ಕೇಳಲಿಲ್ಲ. ಗೌರಿಬಿದನೂರು ಕಡೆಯವರು ನಾವು. ಆ ಎರಡು ತಿಂಗಳು ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು, ಹಿತಕಿದ ಬೇಳೆ ಬಿಟ್ಟು ಬೇರೆ ಮಾತಿರುವುದಿಲ್ಲ. ಆದರೆ ನನ್ನ ಮಗಳಿಗೆ ರಜೆ ಸಿಗುವುದೂ ಆಗಲೇ, ಏನು ಮಾಡೋದು?

ದೆಹಲಿ, ಆಗ್ರಾ, ಆಮೇಲೆ ಅಮೃತಸರ ಅಂತ ಹೇಳಿದೆ. ಅಮೃತಸರ ಅಂದ ಮೇಲೆ ಅಪ್ಪನ ದನಿ ಬದಲಾಯಿತು.

“ಜಲಿಯನ್‌ವಾಲಾ ಬಾಗ್ ಇರೋದು ಅಲ್ಲೇ ಅಲ್ವಾ?”

“ಹೂಂ ಅಪ್ಪ.”

“ಸರಿ ಹಾಗಾದ್ರೆ. ನಂಗೆ ಅದೊಂದು ತೋರಿಸ್ಬಿಡು. ಬಾಕಿ ನಿಮ್ಮಿಷ್ಟ.”

ಬಾಕಿ ನಮ್ಮಿಷ್ಟ ಅಂದರಲ್ಲ, ನಾನು ಮೊಬೈಲಿನಲ್ಲಿ ಪಟ್ಟಿ ಮಾಡಲು ಕೂತೆ. ಕುಲ್ಚಾ ಎಲ್ಲಿ, ಲಸ್ಸಿ ಎಲ್ಲಿ, ಜಿಲೇಬಿ ಎಲ್ಲಿ, ದಾಲ್ ಎಲ್ಲಿ. ಅಮೃತಸರ ಒಂದರಲ್ಲೇ ಹನ್ನೊಂದು ಕಡೆ ಆಯಿತು, ಅದೂ ಎರಡೇ ದಿನಕ್ಕೆ. ನಮ್ಮನೆಯವರು ಇಣುಕಿ ನೋಡಿ, “ಇದು ಟೂರಾ, ಬೀಗರೂಟಾನಾ?” ಅಂದರು. ಇದು 2023ರ ಮಾತು.

ದೆಹಲಿ, ಆಗ್ರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವನ್ನು ಎಲ್ಲರೂ ಬರೆದಿದ್ದಾರೆ. ಒಂದು ಮಾತು ಮಾತ್ರ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ ಬೆಳಗ್ಗೆಯೇ ತಾಜ್ ಮಹಲ್‌ಗೆ ಹೋಗಬೇಡಿ. ಬಿಳಿ ಮಂಜಿನೊಳಗೆ ಬಿಳಿ ಕಟ್ಟಡ, ಏನು ಕಾಣುತ್ತೆ? ನಾವು ಟಿಕೆಟ್ ತೊಗೊಂಡು ಒಳಗೆ ಹೋಗಿ, ಕಾರಂಜಿ ಪಕ್ಕ ಒಂದೂವರೆ ಗಂಟೆ ನಡುಗುತ್ತಾ ನಿಂತೆವು. ಕೊನೆಗೆ ಗುಮ್ಮಟ ಒಂದು ಕಾಣಿಸಿತು. ಅಮ್ಮ ಅದಕ್ಕೂ ಕೈ ಮುಗಿದರು.

ಅದೇ ಮಂಜು ಅಮೃತಸರದ ರೈಲನ್ನೂ ಹಿಡಿದು ನಿಲ್ಲಿಸಿತು. ಮಧ್ಯಾಹ್ನ ದೆಹಲಿ ಬಿಟ್ಟವರು ರಾತ್ರಿ ಹತ್ತಕ್ಕೆ ಇಳಿಯಬೇಕಿತ್ತು, ಇಳಿದಾಗ ಒಂದೂವರೆ. ಅಮ್ಮ ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ ಅಂಬಾಲ ಬರುವುದರೊಳಗೆ ಖಾಲಿ. ಲಾಡ್ಜಿನಲ್ಲಿ ಹೀಟರ್ ಇದೆ ಅಂತ ಬುಕ್ ಮಾಡುವಾಗ ಹೇಳಿದ್ದರು. ಇತ್ತು, ಆದರೆ ಬಾಡಿಗೆ ಬೇರೆ ಅಂದರು! ಆ ಹೊತ್ತಿನಲ್ಲಿ ಜಗಳ ಆಡುವ ಶಕ್ತಿ ಯಾರಿಗಿತ್ತು? ಮಗಳು ಹಸಿವು ಅಂತ ಮುಖ ಸಣ್ಣ ಮಾಡಿಕೊಂಡಿದ್ದಳು. ಕೌಂಟರಿನಲ್ಲಿದ್ದ ಹುಡುಗ ತಾನಾಗಿಯೇ ಹೇಳಿದ, “ಲಂಗರ್‌ಗೆ ಹೋಗಿ, ಸ್ವರ್ಣಮಂದಿರದಲ್ಲಿ ಎಲ್ಲರಿಗೂ ಊಟ ಹಾಕ್ತಾರೆ, ರಾತ್ರಿಯೆಲ್ಲಾ ಇರುತ್ತೆ. ಐದು ನಿಮಿಷದ ದಾರಿ.”

ಹಾಗಾಗಿ ನಾವು ಸ್ವರ್ಣಮಂದಿರವನ್ನು ಮೊದಲು ನೋಡಿದ್ದು ರಾತ್ರಿ ಎರಡು ಗಂಟೆಗೆ, ಊಟ ಹುಡುಕಿಕೊಂಡು ಹೋದಾಗ.

ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಗಿಲ ಮುಂದೆ ಹರಿಯುವ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಬೇಕು. ಅಮೃತಶಿಲೆ ನೆಲ ಮಂಜುಗಡ್ಡೆ ಹಾಗಿತ್ತು. ನಾರಿನ ಚಾಪೆ ಹಾಸಿದ್ದ ಕಡೆಯೇ ಕುಣಿಯುತ್ತಾ ಹೋದೆವು. ನಮ್ಮಲ್ಲಿ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿ ಹೋಗುತ್ತೇವೆ, ಇಲ್ಲಿ ಇಳಿದು ಹೋಗುತ್ತೇವೆ. ಇಳಿಯುತ್ತಿದ್ದ ಹಾಗೆ ಕೊಳ ಕಾಣಿಸಿತು. ಕೊಳದ ನಡುವೆ ಚಿನ್ನದ ಗುಡಿ, ಕೆಳಗೆ ನೀರಿನಲ್ಲಿ ಇನ್ನೊಂದು. ಮಗಳಿಗೆ ಹಸಿವೇ ಮರೆತುಹೋಯಿತು. ಈ ಗುಡಿಯಲ್ಲಿ ಸಿಖ್ಖರ ಆದಿಗ್ರಂಥವನ್ನು ಇಟ್ಟಿದ್ದು 1604ರಲ್ಲಿ. ಚಿನ್ನ ಹೊದಿಸಿದ್ದು ಅದಕ್ಕೆ ಇನ್ನೂರು ವರ್ಷ ಆದ ಮೇಲೆ, ರಣಜಿತ್ ಸಿಂಗ್ ಕಾಲದಲ್ಲಿ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಬಂದರೂ, ಯಾರು ಬಂದರೂ ಒಳಗೆ ಬರಬಹುದು ಅಂತ.

ಲಂಗರ್ ಹಾಲ್‌ನಲ್ಲಿ ಆ ಹೊತ್ತಿಗೂ ಪಂಕ್ತಿ ನಡೆಯುತ್ತಿತ್ತು. ಸ್ಟೀಲ್ ತಟ್ಟೆ, ಬಟ್ಟಲು, ಚಮಚ ಕೈಗೆ ಕೊಟ್ಟು ಒಳಗೆ ಬಿಟ್ಟರು. ನೆಲದ ಮೇಲೆ ಉದ್ದನೆಯ ಪಟ್ಟಿ ಹಾಸು, ಸಾಲಾಗಿ ಕೂರುವುದು. ನಮ್ಮ ಧರ್ಮಸ್ಥಳ, ಶೃಂಗೇರಿಯಲ್ಲಿ ಕೂತು ಅಭ್ಯಾಸ ಇರುವವರಿಗೆ ಇದೇನು ಹೊಸದಲ್ಲ. ದಾಲ್ ಬಂತು, ಪಲ್ಯ ಬಂತು, ಖೀರ್ ಬಂತು. ರೊಟ್ಟಿಯವರು ಬಂದಾಗ ಅಮ್ಮ ತಟ್ಟೆ ಮುಂದೆ ಮಾಡಿದರು. ಅವರು ಹಾಕಲಿಲ್ಲ, ಸುಮ್ನೆ ನಿಂತರು. ಅಮ್ಮ ಗಾಬರಿಯಾಗಿ ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ಎರಡೂ ಕೈ ಬೊಗಸೆ ಮಾಡಿ ತೋರಿಸಿದರು. ತೀರ್ಥ ತೊಗೊಳ್ಳೋ ಹಾಗೆ ಕೈ ಒಡ್ಡಿದ ಮೇಲೆ ಬಿಸಿ ರೊಟ್ಟಿ ಅಂಗೈ ಮೇಲೆ ಬಿತ್ತು. ಮಡಿಸಿದ ಆ ಕೈಗಳಲ್ಲೇ ಅಮ್ಮ ಅದನ್ನು ಒಂದು ಕ್ಷಣ ಹಿಡಿದುಕೊಂಡೇ ಇದ್ದರು. ಭಕ್ತಿ ಅಂದುಕೊಂಡೆ. “ಕೈ ಬೆಚ್ಚಗಾಗ್ತಿದೆ ಕಣೆ” ಅಂದರು.

ಅಪ್ಪ ಆರಾಮಾಗಿ ಕೂತು ಉಂಡರು, ಏಳಲಿಕ್ಕೆ ಮಾತ್ರ ಮಂಡಿ ಬಿಡಲಿಲ್ಲ. ಎದುರು ಸಾಲಿನಿಂದ ಒಬ್ಬ ಸರ್ದಾರ್ಜಿ ಎದ್ದು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಅಪ್ಪ ಕನ್ನಡದಲ್ಲೇ “ದೇವ್ರು ಒಳ್ಳೇದು ಮಾಡ್ಲಿ” ಅಂದರು. ಅವರೂ ಪಂಜಾಬಿಯಲ್ಲಿ ಏನೋ ಅಂದರು. ಇಬ್ಬರಿಗೂ ಅರ್ಥವಾದ ಹಾಗೇ ಕಾಣಿಸಿತು.

ಮರುದಿನ ಪಟ್ಟಿಯ ಪ್ರಕಾರ ಶುರು. ಬೆಳಗ್ಗೆ ಕುಲ್ಚಾ. ಕುಲ್ಚಾ ಅಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನ ದಾಟಿದರೆ ಒಳ್ಳೆಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ನಮ್ಮ ಹೋಟೆಲುಗಳಲ್ಲಿ ಕುಲ್ಚಾ ಅಂತ ಕೊಡುವ ಮೆತ್ತನೆ ಬಿಳಿ ರೊಟ್ಟಿಗೂ ಇದಕ್ಕೂ ಹೆಸರು ಬಿಟ್ಟರೆ ಏನೂ ಸಂಬಂಧವಿಲ್ಲ. ಒಳಗೆ ಆಲೂಗಡ್ಡೆ, ಈರುಳ್ಳಿ, ಧನಿಯಾ ತುಂಬಿ ತಂದೂರಿನ ಗೋಡೆಗೆ ಬಡಿಯುತ್ತಾರೆ. ಹೊರಗೆ ತೆಗೆದ ಮೇಲೆ ಬೆಣ್ಣೆ ಸವರಿ, ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಹಿಸುಕಿಬಿಡುತ್ತಾರೆ. ಚರಚರ ಅಂತ ಪದರ ಬಿಚ್ಚಿಕೊಳ್ಳುತ್ತೆ. ಪಕ್ಕದಲ್ಲಿ ಛೋಲೆ, ಹುಣಸೆಹುಳಿಯಲ್ಲಿ ನೆನೆಸಿದ ಈರುಳ್ಳಿ ಚಟ್ನಿ. ನಿಜ ಹೇಳಬೇಕೆಂದರೆ ನನಗೆ ಕುಲ್ಚಾಗಿಂತ ಆ ಚಟ್ನಿಯೇ ಹಿಡಿಸಿತು.

ಐದು ಜನಕ್ಕೆ ಐದು ಹೇಳಿದ್ದೇ ತಪ್ಪಾಯಿತು. ಮೂರು ಸಾಕಿತ್ತು. ಅದರ ಮೇಲೆ ಲಸ್ಸಿ, ಗ್ಲಾಸಿನ ಬಾಯಿಗೆ ಕೆನೆ ಮುಚ್ಚಳ ಹಾಕಿದ ಹಾಗೆ. ಅಪ್ಪ ಎರಡು ಗುಟುಕು ಕುಡಿದು, “ಇದಕ್ಕೆ ನೀರು, ಉಪ್ಪು, ಕರಿಬೇವು ಹಾಕಿದ್ರೆ ಹತ್ತು ಜನಕ್ಕೆ ಮಜ್ಜಿಗೆ ಆಗ್ತಿತ್ತು” ಅಂದರು. ಹನ್ನೊಂದರಲ್ಲಿ ಎರಡು ಮುಗಿದಿತ್ತು, ಹೊಟ್ಟೆ ಪೂರ್ತಿ ತುಂಬಿತ್ತು, ಗಂಟೆ ಇನ್ನೂ ಹತ್ತೂವರೆ. ಅಲ್ಲಿಗೆ ನನ್ನ ಪಟ್ಟಿಯ ಕಥೆ ಮುಗಿಯಿತು ಅನ್ನಿ.

“ಈಗ ನಂದು” ಅಂದರು ಅಪ್ಪ.

ಜಲಿಯನ್‌ವಾಲಾ ಬಾಗ್ ಗುಡಿಯಿಂದ ನಡೆದೇ ಹೋಗುವಷ್ಟು ಹತ್ತಿರ. ಒಳಗೆ ಹೋಗಲು ಕಿರಿದಾದ ಗಲ್ಲಿ. 1919ರ ಏಪ್ರಿಲ್ 13, ಬೈಸಾಖಿ ಹಬ್ಬದ ದಿನ, ಬ್ರಿಟಿಷ್ ಸೇನಾಧಿಕಾರಿ ಡೈಯರ್ ತನ್ನ ಸೈನಿಕರನ್ನು ಕರೆದುಕೊಂಡು ಬಂದಿದ್ದು ಇದೇ ಗಲ್ಲಿಯಲ್ಲಿ. ತಂದಿದ್ದ ಶಸ್ತ್ರಸಜ್ಜಿತ ಗಾಡಿಗಳು ಇದರೊಳಗೆ ನುಗ್ಗಲಾಗದೆ ಹೊರಗೇ ಉಳಿದವು. 2021ರಲ್ಲಿ ನವೀಕರಣ ಮಾಡಿದಾಗ ಗಲ್ಲಿಯ ಗೋಡೆಗಳ ಮೇಲೆ ಜನರ ಮೂರ್ತಿಗಳನ್ನು ಕೂರಿಸಿದ್ದಾರೆ. ಆ ದಿನ ಬಾಗ್‌ಗೆ ನಡೆದು ಬರುತ್ತಿದ್ದ ಜನರಂತೆ. ಮಾಡಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಎಲ್ಲರೂ ಅವುಗಳ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬರೀ ಇಟ್ಟಿಗೆ ಗೋಡೆಯಾಗಿಯೇ ಬಿಟ್ಟಿದ್ದರೆ ಜನ ಸುಮ್ಮನೆ ನಡೆದು ಹೋಗುತ್ತಿದ್ದರು ಅಂತ ನನಗೆ ಅನ್ನಿಸಿತು.

ಒಳಗೆ ಈಗ ಹುಲ್ಲುಹಾಸು, ಸ್ಮಾರಕ, ಜನ ಹಾರಿದ ಬಾವಿ. ಸುತ್ತ ಮನೆಗಳ ಬೆನ್ನು. ಓಡಲು ಜಾಗವೇ ಇರಲಿಲ್ಲ ಅನ್ನುವುದು ಪಾಠದಲ್ಲಿ ಓದಿದಾಗ ಗೊತ್ತಾಗುವುದಿಲ್ಲ, ನಡುವೆ ನಿಂತು ಒಂದು ಸುತ್ತು ತಿರುಗಿದರೆ ಗೊತ್ತಾಗುತ್ತೆ. ಹತ್ತು ನಿಮಿಷ, 1650 ಗುಂಡು. ಸರ್ಕಾರಿ ಲೆಕ್ಕದಲ್ಲಿ 379 ಸಾವು, ಕಾಂಗ್ರೆಸ್ ಲೆಕ್ಕದಲ್ಲಿ ಸಾವಿರ. ಒಂದು ಗೋಡೆಯಲ್ಲಿ ಗುಂಡು ಬಿದ್ದ ತೂತುಗಳ ಸುತ್ತ ಬಿಳಿ ಚೌಕ ಬಿಡಿಸಿದ್ದಾರೆ. ಮಗಳು ಎಣಿಸುತ್ತಾ ಹೋದವಳು ನಡುವೆ ನಿಂತು ಕೇಳಿದಳು, “ತಾತ, ಇದೆಲ್ಲಾ ಗುರಿ ತಪ್ಪಿದ್ದಾ?”

ಅಪ್ಪ ಉತ್ತರ ಕೊಡಲಿಲ್ಲ. ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ವಿದುರಾಶ್ವತ್ಥದ ವಿಷಯ ತೆಗೆದರು.

ನಮ್ಮ ಕಡೆಯವರಿಗೆ ಗೊತ್ತು. ಗೌರಿಬಿದನೂರಿನ ಹತ್ತಿರವೇ ಇರುವ ವಿದುರಾಶ್ವತ್ಥ ಅಂದರೆ ಅಶ್ವತ್ಥನಾರಾಯಣನ ಗುಡಿ, ಸಾಲು ಸಾಲು ನಾಗರಕಲ್ಲು. ಮಕ್ಕಳಾಗಲಿ ಅಂತ ಹರಕೆ ಹೊತ್ತು ಬರುವ ಜಾಗ. 1938ರಲ್ಲಿ ಮಂಡ್ಯ ಕಡೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತಲ್ಲ, ಅದಾದ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತಲೇ ಅದನ್ನು ಕರೆಯುತ್ತಾರೆ.

“ನಮ್ಮಪ್ಪ ಅವತ್ತು ಅಲ್ಲಿರ್ಲಿಲ್ಲ” ಅಂದರು ಅಪ್ಪ. “ಹೊರಟಿದ್ರಂತೆ. ಎತ್ತಿಗೆ ಹುಷಾರಿಲ್ಲ ಅಂತ ನಿಂತ್ಕೊಂಡ್ರಂತೆ. ಮಾರನೇ ದಿನ ಹೋಗಿ ನೋಡಿದ್ರೆ ನಾಗರಕಲ್ಲುಗಳ ಮಧ್ಯೆ ಬರೀ ಚಪ್ಪಲಿ ಬಿದ್ದಿದ್ವಂತೆ. ಜಾತ್ರೆಗೆ ಕರ್ಕೊಂಡು ಹೋದಾಗೆಲ್ಲಾ ಹೇಳೋರು. ಹೇಳಿ ಕೊನೇಗೆ, ಇದರ ಹಿರಿಯಣ್ಣ ಒಂದು ಪಂಜಾಬಲ್ಲಿದೆ ಕಣೋ, ಒಂದ್ಸಲ ನೋಡ್ಬೇಕು ಅನ್ನೋರು.”

ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಯಿತು. ಈ ಎತ್ತಿನ ಕಥೆಯನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಬಗ್ಗಿ, ಕಾಲ ಹತ್ತಿರ ಬಿದ್ದಿದ್ದ ಒಣಗಿದ ಎಲೆಯೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ಸಂಜೆಗೆ ಪಾಕಿಸ್ತಾನದ ಜೊತೆಗಿನ ಅಟಾರಿ ಗಡಿ, ಅಲ್ಲಿ ಬಾವುಟ ಇಳಿಸುವ ಕಾರ್ಯಕ್ರಮ ನೋಡಲು. ಅಮೃತಸರದಿಂದ ಸುಮಾರು 30 ಕಿಲೋಮೀಟರ್. ಹೋಗುವವರು ಎರಡು ವಿಷಯ ನೆನಪಿಡಿ. ಬ್ಯಾಗು ಒಳಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವುದರಿಂದ ಕಾರ್ಯಕ್ರಮವೂ ಬೇಗ. ನಾವು ಹತ್ತಿದ ಆಟೋದವನು “ಐದೇ ನಿಮಿಷ ಮೇಡಂ” ಅಂತ ದಾರಿಯಲ್ಲಿ ಒಂದು ಶಾಲು ಅಂಗಡಿ ಮುಂದೆ ನಿಲ್ಲಿಸಿ ಅರ್ಧ ಗಂಟೆ ತಿಂದ. ಕಮಿಷನ್ ವ್ಯವಹಾರ, ಗೊತ್ತಲ್ಲ. ಅಮ್ಮ ಒಂದು ಶಾಲು ಕೊಂಡೂ ಬಿಟ್ಟರು, ಅವನನ್ನು ಬೈಯಲು ನನಗೆ ನೆಪವೂ ಉಳಿಯಲಿಲ್ಲ. ಗಡಿಯಲ್ಲಿ ಹಾಡು, ಕುಣಿತ, ಘೋಷಣೆ. ಯೋಧರು ಹಣೆಗೆ ತಾಗುವ ಹಾಗೆ ಕಾಲೆತ್ತುತ್ತಾರೆ. ಮಗಳಿಗೆ ಭಾರೀ ಖುಷಿ. ನನಗೆ ಇಷ್ಟವಾಗಿದ್ದು ಕೊನೆಯ ಎರಡು ನಿಮಿಷ, ಎರಡೂ ಬಾವುಟಗಳು ಒಂದಕ್ಕಿಂತ ಒಂದು ಮೇಲೂ ಇಲ್ಲದೆ ಕೆಳಗೂ ಇಲ್ಲದೆ ಒಟ್ಟಿಗೆ ಇಳಿಯುವುದು.

ವಾಪಸ್ ಬರುವಾಗ ಹೆದ್ದಾರಿ ಪಕ್ಕದ ಢಾಬಾದಲ್ಲಿ ನಿಲ್ಲಿಸಿದೆವು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಮಗಳಿಗೆ ಬಾತ್‌ರೂಮ್ ಬೇಕಾಗಿತ್ತು, ಅಷ್ಟೇ. ಸಾಸಿವೆ ಸೊಪ್ಪಿನ ಸಾಗ್, ಮೆಕ್ಕೆಜೋಳದ ರೊಟ್ಟಿ ಇದೆ ಅಂದರು. ಚಳಿಗಾಲದಲ್ಲಿ ಮಾತ್ರ ಮಾಡುವ ಊಟ. ಅಮ್ಮ ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡು ಅಪ್ಪನ ಕಡೆ ತಿರುಗಿದರು.

“ರೀ, ಇದು ನಮ್ಮ ಮಸ್ಸೊಪ್ಪೇ ಕಣ್ರೀ! ಬೇಳೆ ಇಲ್ಲ, ಅಷ್ಟೇ.”

ಸಾಸಿವೆ ಸೊಪ್ಪಿನ ಕಹಿ ತೆಗೆಯಲು ಪಾಲಕ್, ಬಥುವಾ ಸೇರಿಸುತ್ತಾರೆ. ಒಲೆ ಪಕ್ಕ ಇಟ್ಟಿದ್ದ ಬಥುವಾ ಕಟ್ಟನ್ನು ನೋಡಿ ಅಮ್ಮ, ಚಕ್ಕೋತ ಸೊಪ್ಪಿನ ಹಾಗೇ ಇದೆ ಅಂದರು. ಗಂಟೆಗಟ್ಟಲೆ ಬೇಯಿಸಿ, ಮಸೆದು, ಮೇಲೆ ಬೆಣ್ಣೆ. ನಂಚಿಕೊಳ್ಳಲು ಬೆಲ್ಲ. ಎರಡು ದಿನದಿಂದ ಮೈದಾ, ತುಪ್ಪ ಅಂತ ಮುಖ ಗಂಟು ಹಾಕಿಕೊಂಡಿದ್ದ ಅಪ್ಪ ತೋಳು ಮಡಿಸಿ ಕೂತರು. ರೊಟ್ಟಿ ಮುರಿದು, ಸೊಪ್ಪಿನಲ್ಲಿ ಹೊರಳಿಸಿ, ಮುದ್ದೆ ನುಂಗುವ ಹಾಗೆ ನುಂಗಿಬಿಟ್ಟರು. ಮೆಕ್ಕೆಜೋಳ ಎಲ್ಲಿ ರಾಗಿಯ ಹಾಗೆ ಜಾರುತ್ತೆ? ಗಂಟಲಲ್ಲಿ ನಿಂತು ಕೆಮ್ಮೋ ಕೆಮ್ಮು. ಢಾಬಾದವನು ನೀರು ಹಿಡಿದು ಓಡಿ ಬಂದ. “ಅಗಿದು ತಿನ್ಬೇಕು ತಾತ” ಅಂತ ಮೊಮ್ಮಗಳು ಪಾಠ ಹೇಳಿದಳು. ಅಪ್ಪ ಅಗಿದು, ನಾಲ್ಕು ರೊಟ್ಟಿ ತಿಂದರು.

ಮಾರನೇ ದಿನ ಪಟ್ಟಿಯಲ್ಲಿದ್ದ ಇನ್ನೊಂದೇ ಕಡೆ ಹೋದದ್ದು, ಕೇಸರ್ ದ ಢಾಬಾ. ಈಗ ಪಾಕಿಸ್ತಾನದಲ್ಲಿರುವ ಶೇಖುಪುರದಲ್ಲಿ 1916ರಲ್ಲಿ ಶುರುವಾಗಿ, ದೇಶ ಇಬ್ಭಾಗವಾದಾಗ ಇಲ್ಲಿಗೆ ಬಂದ ಅಂಗಡಿ. ಕಾರು ಹೋಗದ ಸಂದಿಯೊಳಗಿದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದ್ದ ಕರಿ ದಾಲ್. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ತುಪ್ಪ ತಟ್ಟೆ ಅಂಚಿಗೆ ಬಂದು ನಿಂತಿತ್ತು. ಇಬ್ಬರ ಊಟ ತೊಗೊಂಡು ಐದು ಜನ ಹಂಚಿಕೊಂಡೆವು. ಆಮೇಲೆ ಟೌನ್ ಹಾಲಿನ ಪಾರ್ಟಿಷನ್ ಮ್ಯೂಸಿಯಂಗೆ ಹೋದೆವು. ಒಂದು ಗಂಟೆ ಅಂತ ಇಟ್ಟುಕೊಂಡಿದ್ದೆ, ಮೂರು ಗಂಟೆಯಾದರೂ ಹೊರಗೆ ಬರಲಾಗಲಿಲ್ಲ. ಊಟಕ್ಕೆ ಇಟ್ಟುಕೊಂಡ ಸಮಯವನ್ನು ಅದಕ್ಕೆ ಇಟ್ಟುಕೊಳ್ಳಿ. ಸೋಮವಾರ ರಜೆ.

ರೈಲಿಗೆ ಮುಂಚೆ ಅಮ್ಮ ಇನ್ನೊಮ್ಮೆ ಲಂಗರ್‌ಗೆ ಹೋಗೋಣ ಅಂದರು. ಊಟಕ್ಕಲ್ಲ. ಮೊದಲ ದಿನ ಬರುವಾಗ ಹೆಂಗಸರು ಬೆಳ್ಳುಳ್ಳಿ ರಾಶಿ ಮುಂದೆ ಕೂತು ಬಿಡಿಸುತ್ತಿದ್ದುದನ್ನು ನೋಡಿಟ್ಟುಕೊಂಡಿದ್ದರಂತೆ. ಯಾರನ್ನೂ ಏನೂ ಕೇಳದೆ ಹೋಗಿ ಕೂತರು. ಮುಕ್ಕಾಲು ಗಂಟೆ ಬಿಡಿಸಿದರು. ಎದ್ದು ಬಂದು ಉಗುರು ಉರಿಯುತ್ತೆ ಅಂತ ದೆಹಲಿವರೆಗೂ ಹೇಳಿದರು.

ಹೊರಡುವಾಗ ಅಂಗಡಿಯಲ್ಲಿ ಅಮೃತಸರದ ವಡಿ ಕೊಂಡೆವು. ಉದ್ದಿನಬೇಳೆಗೆ ಮೆಣಸು, ಮಸಾಲೆ ಹಾಕಿ ಉಂಡೆ ಕಟ್ಟಿ ಒಣಗಿಸಿದ್ದು. ಸಾರಿಗೆ ಹಾಕಿದರೆ ಘಮ್ಮೆನ್ನುತ್ತೆ ಅಂತ ಅಂಗಡಿಯವನು ಆಸೆ ಹುಟ್ಟಿಸಿದ. ಬೆಂಗಳೂರಿಗೆ ಬಂದ ಮಾರನೇ ದಿನವೇ ಅಮ್ಮ ಅವರೆಕಾಳು ಸಾರಿಗೆ ಎರಡು ಮುರಿದು ಹಾಕಿದರು. ಅಪ್ಪ ಒಂದೊಂದಾಗಿ ವಡಿ ಚೂರುಗಳನ್ನು ಹುಡುಕಿ ತೆಗೆದು ತಟ್ಟೆಯ ಅಂಚಿಗಿಟ್ಟು, ಮುದ್ದೆ ಮುರಿದರು.

ಮಿಕ್ಕ ಪ್ಯಾಕೆಟ್ ಇನ್ನೂ ಡಬ್ಬದಲ್ಲೇ ಇದೆ. ಯಾರಿಗಾದ್ರೂ ಬೇಕಿದ್ರೆ ಹೇಳಿ.