ಕಾಂಟ್ ಓದಿದ್ರೆ ಲಂಚ ನಿಲ್ಲುತ್ತಾ ಮೇಷ್ಟ್ರೇ?

ಇಲ್ಲ, ನಿಲ್ಲಲ್ಲ. ಉತ್ತರ ಇಷ್ಟೇ ಬೇಕಿದ್ದವರು ಇಲ್ಲಿಗೇ ಏಳಬಹುದು.

ನಾನು ಐಎಎಸ್, ಕೆಎಎಸ್‌ಗೆ ಓದುವವರಿಗೆ ಎಥಿಕ್ಸ್, ಅಂದರೆ ನೀತಿಶಾಸ್ತ್ರದ ಪಾಠ ಮಾಡುತ್ತೇನೆ. 2013ರಲ್ಲಿ ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ 250 ಅಂಕದ ಈ ಪೇಪರ್ ಸೇರಿತು. ಜರ್ಮನ್ ತತ್ವಜ್ಞಾನಿ ಕಾಂಟ್‌ನಂಥ ನೀತಿಚಿಂತಕರ ವಿಚಾರಗಳೂ ಅದರ ಸಿಲಬಸ್‌ನಲ್ಲಿವೆ. ಹಾಗಾಗಿ ಮದುವೆ, ನಾಮಕರಣ, ತಿಥಿ, ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ಪ್ರಶ್ನೆಯೂ ಅಲ್ಲ ಅದು, ತೀರ್ಪು. "ಎಲ್ಲ ಪುಸ್ತಕದ ಬದನೆಕಾಯಿ, ಅಲ್ವಾ?" ಅಂತ ಅವರೇ ಮುಗಿಸಿಬಿಡುತ್ತಾರೆ.

ಒಂದು ಬೀಗರೂಟದಲ್ಲಿ ಪಕ್ಕದ ಎಲೆಯವರು ಮುದ್ದೆ ಮುರಿಯುತ್ತಾ ಸರ್ಕಾರಿ ನೌಕರರ ಜನ್ಮ ಜಾಲಾಡಿದರು. ಅನ್ನ ಬರುವ ಹೊತ್ತಿಗೆ ದನಿ ತಗ್ಗಿತು. "ನಮ್ಮ ತಾಲ್ಲೂಕಲ್ಲಿ ನಿಮ್ಮ ಶಿಷ್ಯರು ಯಾರಾದ್ರೂ ಇದ್ದಾರಾ? ಒಂದು ಖಾತೆ ಕೆಲಸ ಬಾಕಿ ಇದೆ. ಲಂಚ ಗಿಂಚ ಏನಿಲ್ಲ, ಒಂದು ಮಾತು ಹೇಳಿ ಸಾಕು."

ಕಾಂಟ್ 1785ರಲ್ಲಿ ಬರೆದದ್ದು ಇಂಥವರಿಗೇ ಇರಬೇಕು. ನೀನು ಮಾಡೋದನ್ನು ಎಲ್ಲರೂ ಮಾಡುವ ನಿಯಮ ಆಗಲಿ ಅಂತ ಬಯಸಬಲ್ಲೆಯಾ, ನೋಡು ಎನ್ನುತ್ತಾನೆ. ಎಲ್ಲರೂ ಒಂದೊಂದು ಮಾತು ಹೇಳಿಸಿದರೆ ಆ ಮಾತಿಗೆ ಬೆಲೆ ಎಲ್ಲಿದೆ? ಮಿಕ್ಕವರು ಸುಮ್ನೆ ಸಾಲಲ್ಲಿ ನಿಂತಿರುವುದರಿಂದಲೇ ಇವರ ಕೆಲಸ ಆಗೋದು. ನಾನು ಕಾಂಟ್ ಹೆಸರು ಎತ್ತಲಿಲ್ಲ. ಅರ್ಜಿ ಹಾಕಿ, ಸರ್ಕಾರಿ ಸೇವೆಗೆ ಗಡುವು ಹಾಕಿರುವ ಸಕಾಲ ಕಾಯ್ದೆಯ ನಂಬರ್ ಇಟ್ಕೊಳ್ಳಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಿ ಅಂದೆ. ಬೀಡಾಗೂ ಕಾಯದೆ ಎದ್ದು ಹೋದರು.

ಲಂಚ ತಪ್ಪು ಅಂತ ತಿಳಿಯಲು ಯಾವ ತತ್ವಜ್ಞಾನಿಯೂ ಬೇಡ. ತಿನ್ನುವವನಿಗೂ ಅದು ಗೊತ್ತು, ಅದಕ್ಕೇ ಟೇಬಲ್ ಕೆಳಗೆ ಕೈ ಚಾಚುತ್ತಾನೆ. ಸರ್ಕಾರಿ ಹಣ ನುಂಗುವ 40 ದಾರಿಗಳನ್ನು ಪಟ್ಟಿ ಮಾಡಿದ ಕೌಟಿಲ್ಯ ಉಪದೇಶ ನೆಚ್ಚಿಕೊಂಡು ಕೂರಲಿಲ್ಲ. ಲೆಕ್ಕ ತಪಾಸಣೆ, ಗೂಢಚಾರರು, ದಂಡ. ಲಂಚಕ್ಕೆ ಅದೇ ಮದ್ದು.

ಲಂಚ ಮುಟ್ಟದವರು ಎಲ್ಲಿ ಪೇಚಿಗೆ ಸಿಕ್ಕುತ್ತಾರೆ ಅಂತ ಒಬ್ಬರಾದರೂ ಕೇಳಬಾರದಾ?

ಕೆಎಎಸ್‌ಗೆ ಓದಿ ಗ್ರಾಮ ಆಡಳಿತ ಅಧಿಕಾರಿಯಾದ ಶಿಷ್ಯೆಯೊಬ್ಬಳು ಫೋನ್ ಮಾಡಿದ್ದಳು. ಹಲ್ಲೆಲ್ಲ ಉದುರಿದ ಅಜ್ಜಿ ವೃದ್ಧಾಪ್ಯ ವೇತನ ಕೇಳಿ ಬಂದಿದ್ದಾರೆ. ಅದಕ್ಕೆ 60 ತುಂಬಿರಬೇಕು. ಆಧಾರ್‌ನಲ್ಲಿ 54. ಹುಟ್ಟಿದ ದಿನ ಜನವರಿ 1. ನೋಂದಾಯಿಸಿದವನು ಮುಖ ನೋಡಿ ಅಂದಾಜಲ್ಲಿ ಒಂದು ವರ್ಷ ಒತ್ತಿದ್ದಾನೆ. "ವಯಸ್ಸು ಜಾಸ್ತಿ ಇದೆ ಅಂತ ದಾಖಲೆ ಹೊಂದಿಸಿ ಕೊಡ್ಲಾ ಸರ್?"

ಈಗ ಹೇಳಿ. ಕಾಂಟ್ ಸುಳ್ಳನ್ನು ಒಪ್ಪಲ್ಲ, ಕರುಣೆಯಿಂದ ಆಡಿದ್ದನ್ನೂ. ಇಂಗ್ಲೆಂಡಿನ ಚಿಂತಕ ಮಿಲ್ ಆದರೆ ಯಾರಿಗೆ ಎಷ್ಟು ಒಳಿತಾಯಿತು ಎಂದು ಲೆಕ್ಕ ಹಾಕುತ್ತಾನೆ. ಅಂದಹಾಗೆ ಮಿಲ್ ಕೂಡ ಆಫೀಸಿನವನೇ. 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡತ ನೋಡಿದ, ಇಂಡಿಯಾಕ್ಕೆ ಒಮ್ಮೆಯೂ ಬರಲಿಲ್ಲ. ಎದುರಿಗೆ ಅಜ್ಜಿ ಕೂತಿಲ್ಲದಿದ್ದರೆ ಲೆಕ್ಕ ಸಲೀಸು. ನಾಳೆ ಯಾವ ಸ್ಥಿತಿಯಲ್ಲಿರುತ್ತೀಯೋ ತಿಳಿಯದವನ ಹಾಗೆ ನಿಯಮ ಮಾಡು ಅಂದ ಅಮೆರಿಕದ ಚಿಂತಕ ರಾಲ್ಸ್ ನನಗೆ ಜಾಸ್ತಿ ಇಷ್ಟ. ಆದರೆ ಅವನನ್ನು ಓದಬೇಕಾದವರು ನಿಯಮ ಮಾಡುವವರು, ಪಾಪ ಈ ಹುಡುಗಿ ಅಲ್ಲ.

ಅವಳು ಸುಳ್ಳು ಬರೆಯಲಿಲ್ಲ. ಅಜ್ಜಿಯನ್ನು ವಾಪಸ್ ಕಳಿಸಲೂ ಇಲ್ಲ. ಗಂಡ ತೀರಿಕೊಂಡಿದ್ದಾರೆ ಎಂದು ಮಾತಿನ ನಡುವೆ ತಿಳಿಯಿತು. ವಿಧವಾ ವೇತನಕ್ಕೆ 60 ತುಂಬಬೇಕಿಲ್ಲ. ಆದರೆ ಗಂಡನ ಮರಣ ನೋಂದಣಿಯೇ ಆಗಿಲ್ಲ, ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು.

ಮೊನ್ನೆ ಮತ್ತೆ ಫೋನ್. "ಅಜ್ಜಿಗೆ ಯಾರೂ ಇಲ್ಲ ಸರ್. ತಾಲ್ಲೂಕಿಗೆ ಕರ್ಕೊಂಡು ಹೋಗೋದು ನನ್ನ ಡ್ಯೂಟಿನಾ?"

ಅಲ್ಲ ಅಂದೆ.

"ಸೋಮವಾರ ಹೇಗೂ ಮೀಟಿಂಗ್ ಇದೆ, ಗಾಡೀಲಿ ಕೂರಿಸ್ಕೊಂಡು ಹೋಗ್ತೀನಿ ಬಿಡಿ" ಅಂದಳು.