ಆರು ಗ್ರಾಂ ಜಾಸ್ತಿ

ಹೋದ ತಿಂಗಳು ನಮ್ಮ ಒಂದು ಲೋಡು ಹತ್ತಿ ಬಟ್ಟೆ ಬಂದರಿನಲ್ಲಿ 11 ದಿನ ಕೂತಿತ್ತು. ತಪ್ಪು ನನ್ನದೇ. ಮಾರಿದವರು ಇನ್‌ವಾಯ್ಸ್‌ನಲ್ಲಿ 200 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ) ಅಂತ ಬರೆದಿದ್ದರು, ನಾನು ಸುಮ್ನೆ ನಂಬಿ ಕಸ್ಟಮ್ಸ್‌ಗೆ ಕೊಡೋ ಆಮದು ಪತ್ರದಲ್ಲಿ, ಅಂದ್ರೆ ಬಿಲ್ ಆಫ್ ಎಂಟ್ರಿಯಲ್ಲಿ, 5208 ಅನ್ನೋ ಟ್ಯಾರಿಫ್ (ಸುಂಕದ ಪಟ್ಟಿ) ಕೋಡ್ ಕೊಟ್ಟುಬಿಟ್ಟೆ. ಲ್ಯಾಬ್‌ನಲ್ಲಿ ತೂಗಿದರೆ 206! ಶೇ. 85ರಷ್ಟೋ ಅದಕ್ಕಿಂತ ಜಾಸ್ತಿಯೋ ಹತ್ತಿ ಇರುವ ನೇಯ್ದ ಬಟ್ಟೆ ಚದರ ಮೀಟರಿಗೆ 200 ಗ್ರಾಂವರೆಗೆ ತೂಗಿದರೆ 5208, ದಾಟಿದರೆ 5209. ಡ್ಯೂಟಿ ಎಷ್ಟು ಅನ್ನೋದು ಆಮೇಲಿನ ಮಾತು, ಕೋಡ್ ತಪ್ಪಿದರೆ ಮೊದಲು ಕೇಳೋದು 'ಯಾಕೆ ಹೀಗೆ ಬರೆದಿರಿ' ಅಂತ.

ಈಗ ಜಿಎಸ್‌ಎಂ ಕಟ್ಟರ್ ಇಟ್ಟುಕೊಂಡಿದ್ದೇನೆ. ಒತ್ತಿ ತಿರುಗಿಸಿದರೆ 100 ಚದರ ಸೆಂಟಿಮೀಟರಿನ ಬಿಲ್ಲೆ ಬರುತ್ತೆ, ಅದರ ತೂಕವನ್ನು 100ರಿಂದ ಗುಣಿಸಿದರೆ ಆಯ್ತು. ಅಡುಗೆಮನೆ ತಕ್ಕಡಿ ನಡೆಯೋಲ್ಲ, ಇಲ್ಲಿ ಜಗಳ ಇರೋದು 2.00 ಗ್ರಾಂಗೂ 2.06 ಗ್ರಾಂಗೂ.

ಅಂಗಡಿಯಲ್ಲಿ ಕರೆಯೋ ಹೆಸರಿಗೆ ಇಲ್ಲಿ ಬೆಲೆ ಕಮ್ಮಿ. ಹೊರದೇಶಕ್ಕೆ ಇಳಕಲ್ ಸೀರೆ ಕಳಿಸೋ ಗೆಳೆಯನೊಬ್ಬ ಫೋನ್ ಮಾಡಿ, "ಸೆರಗು ರೇಷ್ಮೆದೈತಲ್ಲೋ, 50ನೇ ಅಧ್ಯಾಯಕ್ಕ ಹಾಕ್ಲೇನು?" ಅಂದ. ಟ್ಯಾರಿಫ್ ಕೋಡಿನ ಮೊದಲ ಎರಡು ಅಂಕಿಯೇ ಅಧ್ಯಾಯ. ಅವನ ಸೀರೆಯ ಒಡಲು ಪೂರ್ತಿ ಹತ್ತಿ. ಯಾವ ನಾರಿನ ತೂಕ ಜಾಸ್ತಿಯೋ ಬಟ್ಟೆ ಅದರದ್ದೇ ಅನ್ನೋದು ನಿಯಮ, ಹಾಗಾಗಿ ರೇಷ್ಮೆಯ 50 ಅಲ್ಲ, ಹತ್ತಿಯ 52. ಬೇಜಾರಾಯ್ತು ಅವನಿಗೆ. ಹೊಲಿಗೆ ಇಲ್ಲದ ಸೀರೆ ನಮ್ಮ ಟ್ಯಾರಿಫ್‌ನಲ್ಲಿ ಬಟ್ಟೆಯ ಲೆಕ್ಕಕ್ಕೇ ಬರುತ್ತೆ, ಉಡುಪಿನ ಲೆಕ್ಕಕ್ಕಲ್ಲ ಅಂದಾಗ ಇನ್ನೂ ತಲೆ ಕೆಟ್ಟಿತು.

ನನಗೆ ತಲೆ ಕೆಡೋದು ಮೂರು ನಾರಿನ ಮಿಶ್ರಣ ಬಂದಾಗ. ಹತ್ತಿ ಶೇ. 40, ವಿಸ್ಕೋಸ್ (ಮರದ ತಿರುಳಿನಿಂದ ಮಾಡೋ ನಾರು) 35, ಪಾಲಿಯೆಸ್ಟರ್ 25 ಅಂದ್ಕೊಳ್ಳಿ, ಮೂರರಲ್ಲಿ ಹತ್ತಿಯೇ ದೊಡ್ಡದು, ಅಲ್ವಾ? ಆದರೂ ಅದು ಹತ್ತಿ ಬಟ್ಟೆ ಅಲ್ಲ. ವಿಸ್ಕೋಸ್, ಪಾಲಿಯೆಸ್ಟರ್ ಎರಡೂ ಉದ್ದನೆಯ ಎಳೆಯಾಗಿರದೆ ಚಿಕ್ಕದಾಗಿ ಕತ್ತರಿಸಿದ ತುಂಡು ನಾರಾಗಿದ್ದರೆ ಎರಡಕ್ಕೂ 55ನೇ ಅಧ್ಯಾಯವೇ ಮನೆ, ಒಟ್ಟು 60 ಆಗಿ ಹತ್ತಿಯನ್ನು ಸೋಲಿಸುತ್ತವೆ. ಮೊದಲು ಅಧ್ಯಾಯ, ಆಮೇಲೆ ಅದರೊಳಗಿನ ಶೀರ್ಷಿಕೆ, ಅಂದ್ರೆ ನಾಲ್ಕಂಕಿಯ ಕೋಡ್. ಅಲ್ಲಿ ಪಾಲಿಯೆಸ್ಟರ್‌ಗಿಂತ ವಿಸ್ಕೋಸ್ ಜಾಸ್ತಿ, ಆದ್ದರಿಂದ ವಿಸ್ಕೋಸ್‌ನಂಥ ನಾರಿನ ಬಟ್ಟೆಯ 5516. ಒಂದು ವರ್ಷ ಈ ಕೆಲಸ ಮಾಡಿದ ಮೇಲೂ ನಾನು ಇದನ್ನು ಹತ್ತಿಗೇ ಹಾಕುತ್ತಿದ್ದೆ, ನಮ್ಮ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಆಫೀಸಿನ ಹಿರಿಯರೊಬ್ಬರು ಹಿಡಿದು ತಿದ್ದಿದರು.

ಮೊನ್ನೆ ಅದೇ ಮಾರಾಟಗಾರರ ಹೊಸ ಇನ್‌ವಾಯ್ಸ್ ಬಂತು. ಈ ಸಲವೂ ಸರಿಯಾಗಿ 200 ಜಿಎಸ್‌ಎಂ. ಮೊದಲು ಅರ್ಧ ಮೀಟರ್ ಬಟ್ಟೆ ಕೊರಿಯರ್ ಮಾಡಿ ಅಂತ ಬರೆದಿದ್ದೇನೆ.